ವರ್ಗಾವಣೆಯ ರೇಸು

ಶಿಕ್ಷಕರ ವರ್ಗಾವಣೆಯನ್ನು ಕಂಪ್ಯೂಟರಿನ ಕಾರ್ ರೇಸಿನಲ್ಲಿ ತೀರ್ಮಾನಿಸತೊಡಗಿ ಒಂಬತ್ತು ವರ್ಷವಾಗಿತ್ತು. ಈ ಸಲ ಧಾರವಾಡಕ್ಕೆ ಇದ್ದದ್ದು ಒಂದೇ ಜಾಗ. ನೀಲಾಂಬಿಕಾ ಟೀಚರರ ನಾಲ್ಕು ವರ್ಷದ ಮಗಳು ಅಲ್ಲೇ ಅಪ್ಪನ ಬಳಿ ಬೆಳೆಯುತ್ತಿದ್ದಳು.

ತಮ್ಮ ಶಾಲೆಯ ಮುಂದಿನ ಕರಡಿಹಾಳ ರಸ್ತೆಯೇ ಈ ವರ್ಷದ ಟ್ರ್ಯಾಕ್ ಎಂದು ಸುತ್ತೋಲೆ ಬಂದದ್ದೇ ತಡ, ಅವರು ಟೇಪು ಹಿಡಿದು ಅದರುದ್ದಕ್ಕೂ ನಡೆದರು. ಇನ್ನೂರ ಹದಿನಾಲ್ಕು ತಗ್ಗುಗಳು. ಅನುಮಾನ ತೀರದೆ ಮತ್ತೊಮ್ಮೆ ಎಣಿಸಿದರು. ಆಮೇಲೆ ಆಟದಲ್ಲಿ ಜೀಪನ್ನು ಆರಿಸಿ, ಸಸ್ಪೆನ್ಶನ್ ಎತ್ತರಿಸಿ, ಟೈರಿನ ಗಾಳಿ ಇಳಿಸಿದರು.

ರೇಸಿನ ದಿನ, ಅದೇ ಜಾಗಕ್ಕೆ ಸ್ಪರ್ಧಿಸಿದ್ದ ಪಕ್ಕದ ಕುರ್ಚಿಯ ಗುರುಸಿದ್ದಪ್ಪ ಮಾಸ್ತರರದು ನೆಲಕ್ಕೆ ಹೊಟ್ಟೆ ತಾಗುವಂಥ ಕೆಂಪು ಕಾರು.

"ಸರ, ಮೊದಲನೇ ತಗ್ಗಿನ್ಯಾಗ ಸಿಕ್ಕೊಂತೀರಿ ನೋಡ್ರಿ," ಎಂದರು ನೀಲಾಂಬಿಕಾ.

"ದೇವರು ಅದಾನ ಬಿಡ್ರಿ ಅಕ್ಕಾರ."

ಹಸಿರು ದೀಪ ಹತ್ತಿತು. ಪರದೆಯ ರಸ್ತೆ ಕನ್ನಡಿಯಂತಿತ್ತು, ಒಂದೂ ತಗ್ಗಿಲ್ಲ. ಜೀಪು ಓಲಾಡುತ್ತ ಹೊರಡುವಷ್ಟರಲ್ಲಿ ಕೆಂಪು ಕಾರು ಕಣ್ಮರೆಯಾಗಿತ್ತು.

"ತಗ್ಗೆಲ್ಲಾ ಎಲ್ಲಿ ಹೋದುವ್ರೀ?"

"ಟ್ರ್ಯಾಕ್ ಮಾಡೂದು ಇಲಾಖೆ ದಾಖಲೆ ನೋಡಿ ಅಕ್ಕಾರ. ಅದರಾಗ ಆ ರಸ್ತಿ ಮೂರು ಸಲ ರಿಪೇರಿ ಆಗೇದ," ಎಂದು ಗೆದ್ದ ಗುರುಸಿದ್ದಪ್ಪ ತಮ್ಮ ಧಾರವಾಡದ ಆದೇಶವನ್ನು ಸಹಿ ಹಾಕಿ ಪಡೆದರು. "ನೀವು ರಸ್ತಿ ನೋಡಿದ್ರಿ, ನಾ ಫೈಲ್ ನೋಡಿದೆ."

ಮರಳಿ ಕರಡಿಹಾಳಕ್ಕೆ ಹೋಗುವ ಬಸ್ಸಿನಲ್ಲಿ, ಎಣಿಸುವಾಗ ತಾವೇ ಎಲ್ಲೋ ತಪ್ಪಿರಬೇಕೆಂದು ನೀಲಾಂಬಿಕಾ ಯೋಚಿಸುತ್ತಿದ್ದಾಗ ಮಗಳ ಫೋನು ಬಂತು.

"ಅವ್ವಾ, ಯಾವಾಗ ಬರ್ತಿ?"

"ಲಗೂನ ಬರ್ತೀನಿ ಪುಟ್ಟಿ. ರಸ್ತಿ ಭಾಳ ಛಲೋ ಆಗೇದಂತ," ಎಂದರು ಅವರು, ಬಸ್ಸು ಎತ್ತಿಹಾಕುತ್ತಿದ್ದಂತೆ ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು.