ಶಿಗ್ಗಾವಿ ದಾಟಿದ ಮೇಲೆ

ನರ್ಸ್ ಸೂಜಿ ಹೊರಗೆಳೆದಳು. ಔಷಧಿ ತುಂಬಿದ ಕೊಬ್ಬಿನ ಗುಳ್ಳೆಗಳು ಈಗ ಚೆನ್ನವೀರಪ್ಪನ ಮಿದುಳಿನಲ್ಲಿ ಸುತ್ತುತ್ತಿದ್ದವು. ನೆನಪಿಗಾಗಿ ಮಿದುಳು ಎಲ್ಲಿ ತಿಣುಕುತ್ತದೋ ಅಲ್ಲಿಯೇ ಅವು ಒಡೆಯಬೇಕು.

"ಅವ್ವಾರ, ಈ ಸಲನೂ ನೀವು ಹೇಳಿಕೊಟ್ರ ಅವ್ರು ತಿಣುಕೋದು ಬಿಡ್ತಾರ. ಗುಳ್ಳಿ ಸುಮ್ನ ಕರಗಿ ಹೋಗ್ತಾವ. ಇದ ಕಡೀ ಡೋಸ್."

ಅವನ ಹೆಂಡತಿ ಗುರುಬಸವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಿಂದಿನ ಎರಡು ಸಲವೂ, ಅವನಿಗೆ ನೆನಪಾಗದ ಊರಿನ ಹೆಸರನ್ನು ತಡೆಯಲಾರದೆ ತಾನೇ ಹೇಳಿಬಿಟ್ಟಿದ್ದಳು.

ಲಕ್ವ ಹೊಡೆಯುವ ಮುಂಚೆ ಗಂಡ ಬಸ್ ಕಂಡಕ್ಟರ್. ಮಂಚದ ಸರಳಿಗೆ ಆತುಕೊಂಡು ತನ್ನ ಹಳೇ ರೂಟಿನ ಸ್ಟಾಪುಗಳನ್ನು ಕೂಗತೊಡಗಿದ: "ವರೂರ... ತಡಸ ಕ್ರಾಸ್... ಶಿಗ್ಗಾವಿ..."

ಅಲ್ಲಿಗೆ ನಿಂತಿತು. ಮುಂದಿನದು ಬಂಕಾಪುರ, ಅವಳ ತವರು. ಕಾಲೇಜು ಮುಗಿಸಿಕೊಂಡು ಅವನದೇ ಬಸ್ಸಿನಿಂದ ಅವಳು ದಿನಾ ಇಳಿಯುತ್ತಿದ್ದ ಸ್ಟಾಪು.

ಅವನ ಹಣೆ ಬೆವರಿತು. ಕೈ ಮೇಲೆದ್ದು, ಇಲ್ಲದ ಗಂಟೆಯ ಹಗ್ಗಕ್ಕೆ ತಡಕಾಡಿತು. ಅವಳ ಕಾಲು ತಾನಾಗಿ ನೆಲ ಕುಟ್ಟುತ್ತಿತ್ತು. ಹೆಸರು ನಾಲಗೆಯವರೆಗೆ ಬಂದಿತ್ತು; ಸೆರಗನ್ನು ಇನ್ನಷ್ಟು ಕಚ್ಚಿಕೊಂಡಳು.

ಅವನು ಥಟ್ಟನೆ ತಿರುಗಿ ಅವಳನ್ನೇ ದಿಟ್ಟಿಸಿದ.

"ನಿಮ್ಮ ಬಂಕಾಪುರ ಬಂತ್ರೀ. ಇಳಿಯಂಗಿಲ್ಲೇನ್ರೀ?"

ಗುರುಬಸವ್ವ ಬಾಯಿಂದ ಸೆರಗು ತೆಗೆದಳು.

"ಇಲ್ರೀ, ನಾ ಇಳಿಯಂಗಿಲ್ಲ. ರೈಟ್ ಹೇಳ್ರೀ."