ಕೆಂಪು ಕ್ಲಿಪ್

ಹದಿನೆಂಟು ವರ್ಷಗಳ ನಂತರ ಆತ ಮತ್ತೆ ರಿಮೋಟ್ ಕಾರುಗಳ ಅಂಗಡಿಗೆ ಬಂದಿದ್ದ. ಮೇಜಿನ ಮೇಲಿದ್ದ ಎರಡು ಬಗ್ಗಿ ಕಾರುಗಳ ಚಕ್ರ ತಿರುಗಿಸಿ ನೋಡಿದ.

“ಇವೆರಡರಲ್ಲಿ ಯಾವುದಕ್ಕೆ ಬೇರೆಯವರ ರಿಮೋಟ್ ಅಡ್ಡ ಬರಲ್ಲ?”

“ಈಗ ಯಾವುದಕ್ಕೂ ಬರಲ್ಲ ಸಾರ್. ನಲವತ್ತು ಜನ ಒಟ್ಟಿಗೆ ಓಡಿಸಿದ್ರೂ ಏನೂ ಆಗಲ್ಲ. ಆ ಕ್ಲಿಪ್ಪಿನ ಕಾಲ ಮುಗೀತು,” ಎಂದ ಅಂಗಡಿಯವನು.

ಆಗೆಲ್ಲ ಒಂದು ಫ್ರೀಕ್ವೆನ್ಸಿಗೆ ಒಂದೇ ಕ್ಲಿಪ್. ಮೈದಾನದ ಹಲಗೆಯಿಂದ ಅದನ್ನು ತೆಗೆದು ತನ್ನ ರಿಮೋಟಿನ ಆಂಟೆನಾಕ್ಕೆ ಸಿಕ್ಕಿಸಿಕೊಂಡವನು ಮಾತ್ರ ಗಾಡಿ ಓಡಿಸಬೇಕು; ಅದೇ ಫ್ರೀಕ್ವೆನ್ಸಿಯಲ್ಲಿ ಇನ್ನೊಂದು ರಿಮೋಟ್ ಆನ್ ಆದರೆ ಗಾಡಿ ಹಿಡಿತ ತಪ್ಪುತ್ತಿತ್ತು. ಆತನಿಗೂ ಗೆಳೆಯ ಶ್ರೀಕಂಠನಿಗೂ ಸೇರಿ ಇದ್ದದ್ದು ಒಂದು ಕೆಂಪು ಕ್ಲಿಪ್.

“ಅವತ್ತು ಶ್ರೀಕಂಠ ಕ್ಲಿಪ್ ತಗೊಳ್ದೇನೇ ರಿಮೋಟ್ ಆನ್ ಮಾಡ್ಬಿಟ್ಟ. ನನ್ನ ಗಾಡಿ ಗೋಡೆಗೆ ಹೊಡೆದು ಪುಡಿಪುಡಿ ಆಯ್ತು. ‘ನಾನಲ್ಲ ಕಣೋ’ ಅಂತ ಎಷ್ಟು ಅಂಗಲಾಚಿದ ಗೊತ್ತಾ? ನಾನು ಮಾತೇ ಬಿಟ್ಟೆ.”

ಅಂಗಡಿಯವನು ತಲೆ ತಗ್ಗಿಸಿದ.

“ಹೋಗ್ಲಿ ಬಿಡಿ, ಕ್ಷಮಿಸಿಬಿಟ್ಟಿದ್ದೀನಿ. ಎರಡೂ ಪ್ಯಾಕ್ ಮಾಡಿ. ಒಂದು ಅವನಿಗೆ. ಭಾನುವಾರ ಬರ್ತಾನಲ್ಲ?”

“ಶ್ರೀಕಂಠ ಅವರು ತೀರ್ಕೊಂಡು ಮೂರು ತಿಂಗಳಾಯ್ತು ಸಾರ್.”

ಆತ ಕೈಯಲ್ಲಿದ್ದ ಬಗ್ಗಿಯನ್ನು ಮೆಲ್ಲನೆ ಕೆಳಗಿಟ್ಟ. ಅಂಗಡಿಯವನು ಒಳಗೆ ಹೋಗಿ ಧೂಳು ಹಿಡಿದ ಡಬ್ಬವೊಂದನ್ನು ತಂದ.

“ನೀವು ಯಾವತ್ತಾದ್ರೂ ಬಂದ್ರೆ ಕೊಡಿ ಅಂತ ಇಟ್ಟು ಹೋಗಿದ್ರು. ನಿಮ್ಮ ಗಾಡಿ ಒಡೆದ ದಿನದಿಂದ ಅವರೂ ಇದನ್ನ ಮುಟ್ಟಿರಲಿಲ್ಲ.”

ಆತ ಮುಚ್ಚಳ ತೆಗೆದ. ಒಳಗೆ ಶ್ರೀಕಂಠನ ಹಳೆಯ ರಿಮೋಟ್ ಇತ್ತು. ಅದರ ಆಂಟೆನಾವನ್ನು ಆ ಕೆಂಪು ಕ್ಲಿಪ್ ಇನ್ನೂ ಕಚ್ಚಿಕೊಂಡಿತ್ತು.