ಕನಸಿಗೆ ಬಂದ ಸಮನ್ಸು

ಈಗ ಕೋರ್ಟಿನ ಸಮನ್ಸನ್ನು ಅಮೀನರು ಕನಸಿನಲ್ಲೇ ಬಂದು ಕೊಡುತ್ತಾರೆ. ಚಿಕ್ಕತಾಯಮ್ಮನಿಗೆ ಅದು ಬಂದ ನೆನಪೇ ಇರಲಿಲ್ಲ. ಅವಳ ಗೈರುಹಾಜರಿಯಲ್ಲೇ ಸಾಲದ ತೀರ್ಪಾಗಿತ್ತು. ನಾಳೆ ಹೊಲಿಗೆ ಮಿಷನ್ ಜಪ್ತಿ ಎಂದು ಚೀಟಿ ಅಂಟಿಸಿದಾಗಲೇ ಅವಳಿಗೆ ಗೊತ್ತಾದದ್ದು.

“ಎದ್ದಮೇಲೆ ಕನಸು ಯಾರಿಗೆ ನೆನಪಿರ್ತದೆ ಸ್ವಾಮಿ?” ಎಂದಳು.

“ಎಲ್ರೂ ಹಂಗೇ ಅಂತಾರೆ ಕಣವ್ವ, ಜಡ್ಜು ಕೇಳಲ್ಲ,” ಎಂದು ಕೋರ್ಟಿನ ಮುಂದೆ ಅರ್ಜಿ ಬರೆಯುವ ಜವರಪ್ಪ ಕೇಸಿನ ಕಾಗದಗಳಲ್ಲಿದ್ದ ಅಮೀನನ ವರದಿ ಓದತೊಡಗಿದ.

“‘ಲಂಗ ಉಟ್ಟು ಕುಂಟೆಬಿಲ್ಲೆ ಆಡುತ್ತಿದ್ದ ಪ್ರತಿವಾದಿಯ ಕೈಗೆ ಕೊಟ್ಟೆ’ ಅಂತ ಬರ್ದವ್ನಲ್ಲ! ಅಂದ್ರೆ ಕನಸಲ್ಲಿ ನೀನು ಚಿಕ್ಕ ಹುಡುಗಿ. ಕುಂಟೆಬಿಲ್ಲೆ ಆಡೋವಾಗ ನಿಂಗೆ ಎಷ್ಟು ವಯಸ್ಸು?”

“ಎಂಟೋ ಒಂಬತ್ತೋ.”

“ಮೈನರಿಗೆ ಕೊಟ್ಟ ಸಮನ್ಸು ನಿಲ್ಲಲ್ಲ. ತೀರ್ಪು ರದ್ದಾಗ್ತದೆ, ಅರ್ಜಿ ಬರೀತೀನಿ, ಸೈನ್ ಹಾಕು. ಆದ್ರೆ ಅಮೀನ ಮತ್ತೆ ಬರ್ತಾನೆ. ಇನ್ಮೇಲೆ ಎದ್ದ ತಕ್ಷಣ ಕನಸನ್ನ ಯಾರಿಗಾದ್ರೂ ಹೇಳವ್ವ.”